ಬೈರೂತ್ ಕಾಲೇಜಿನ ಹುಡುಗರು ಅರಬ್ಬಿಯಲ್ಲಿ ಪತ್ರಿಕೆ ಬರೆದದ್ದು ಯಾಕೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಪ್ರತಿ ವರ್ಷ ಒಂದು ಕೈಬರಹ ಪತ್ರಿಕೆ ತರುತ್ತಾರೆ. ಬೈರೂತಿನ ಅಮೆರಿಕನ್ ಕಾಲೇಜಿನಲ್ಲೂ ನೂರು ವರ್ಷದ ಹಿಂದೆ ವಿದ್ಯಾರ್ಥಿಗಳು ಅರಬ್ಬಿಯಲ್ಲಿ ಹೀಗೇ ಪತ್ರಿಕೆ ಬರೆಯುತ್ತಿದ್ದರು ಎಂದು ಓದಿದೆ. ಊರಲ್ಲೇ ಒಳ್ಳೆಯ ಅಚ್ಚುಕೂಟ ಇದ್ದಾಗ ಕೈಯಲ್ಲಿ ಯಾಕೆ ಬರೆದರು? ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವ ಕಾಲೇಜಿನಲ್ಲಿ ಅರಬ್ಬಿ ಪತ್ರಿಕೆ ಯಾಕೆ ಬೇಕಾಯಿತು? ಹುಡುಗರ ಬರಹವನ್ನು ಇತಿಹಾಸದ ಆಕರವಾಗಿ ಎಷ್ಟು ನಂಬಬಹುದು?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದೆರಡನ್ನು ಬಿಡಿಸುವುದು ಸುಲಭ.

ನೀವು ಹೇಳುವ ಕಾಲೇಜು ಈಗಿನ ಬೈರೂತ್ ಅಮೆರಿಕನ್ ವಿಶ್ವವಿದ್ಯಾಲಯ. 1866ರ ಡಿಸೆಂಬರ್ 3ರಂದು 16 ಹುಡುಗರೊಂದಿಗೆ ಅದು ಶುರುವಾಯಿತು. ಆಗಿನ ಹೆಸರು ಸಿರಿಯನ್ ಪ್ರೊಟೆಸ್ಟೆಂಟ್ ಕಾಲೇಜು. ಕಟ್ಟಿದವರು ಅಮೆರಿಕದ ಮಿಷನರಿಗಳು. ಡೇನಿಯಲ್ ಬ್ಲಿಸ್ ಅದರ ಮೊದಲ ಅಧ್ಯಕ್ಷರು. ಆಗ ಲೆಬನಾನ್ ಅನ್ನುವ ದೇಶ ಇರಲಿಲ್ಲ. ಬೈರೂತ್ ಒಟ್ಟೋಮನ್ ಸಾಮ್ರಾಜ್ಯದ ಒಂದು ಬಂದರು. ಮೊದಲ ಮಹಾಯುದ್ಧ ಮುಗಿದು ಆ ಸಾಮ್ರಾಜ್ಯ ಮುರಿದ ಮೇಲೆ, 1920ರಲ್ಲಿ, ಕಾಲೇಜಿಗೆ ಈಗಿನ ಹೆಸರು ಬಂತು.

ತುಂಬಾ ಜನ ಗಮನಿಸದ ಸಂಗತಿ ಒಂದಿದೆ. ಈ ಕಾಲೇಜು ಹುಟ್ಟಿದಾಗ ಅದು ಅರಬ್ಬಿ ಮಾಧ್ಯಮದ ಕಾಲೇಜು. ರಸಾಯನಶಾಸ್ತ್ರ, ವೈದ್ಯಶಾಸ್ತ್ರ, ಖಗೋಳ, ಎಲ್ಲವನ್ನೂ ಅರಬ್ಬಿಯಲ್ಲೇ ಹೇಳಿಕೊಡುತ್ತಿದ್ದರು. ಅಮೆರಿಕದಿಂದ ಬಂದ ವೈದ್ಯ ಕಾರ್ನೀಲಿಯಸ್ ವ್ಯಾನ್ ಡೈಕ್ ಊರಿನ ವಿದ್ವಾಂಸರ ಹತ್ತಿರ ಕೂತು ಅರಬ್ಬಿ ಕಲಿತರು. ಆಮೇಲೆ ಅದೇ ಭಾಷೆಯಲ್ಲಿ ವಿಜ್ಞಾನದ ಪಠ್ಯಪುಸ್ತಕಗಳನ್ನು ಬರೆದರು. ನಾಸೀಫ್ ಅಲ್-ಯಾಜಿಜಿಯಂಥ ದೊಡ್ಡ ಪಂಡಿತರು ಅಲ್ಲಿ ಭಾಷೆ ಕಲಿಸಿದರು.

1880ರ ದಶಕದಲ್ಲಿ ಇದು ಬದಲಾಯಿತು. ಮೊದಲು ಸಾಹಿತ್ಯ ವಿಭಾಗ, ಆಮೇಲೆ ವೈದ್ಯಕೀಯ ವಿಭಾಗ ಇಂಗ್ಲಿಷಿಗೆ ಹೊರಳಿದವು. ವಿಜ್ಞಾನ ಓಡುತ್ತಿತ್ತು, ಅನುವಾದ ಅದರ ಹಿಂದೆ ಏದುಸಿರು ಬಿಡುತ್ತಿತ್ತು. ಅರಬ್ಬಿ ಬಲ್ಲ ಅಮೆರಿಕನ್ ಅಧ್ಯಾಪಕರು ಸಿಗುತ್ತಿರಲಿಲ್ಲ. ಇನ್ನೊಂದು ಕಡೆ 1882ರಲ್ಲಿ ಬ್ರಿಟಿಷರು ಈಜಿಪ್ಟನ್ನು ಹಿಡಿದರು. ಇಂಗ್ಲಿಷ್ ಬಲ್ಲ ಅರಬ್ಬಿ ಹುಡುಗರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಮನೆಯವರೂ ಅದನ್ನೇ ಬಯಸಿದರು. ಇದೆಲ್ಲ ಕನ್ನಡದವರಿಗೆ ಹೊಸದಾಗಿ ವಿವರಿಸಬೇಕಾದ ಮಾತಲ್ಲ, ಅಲ್ವಾ?

ಹೀಗೆ ಕಾಲೇಜಿನ ಇಡೀ ಪಾಠ ನಡೆಯುತ್ತಿದ್ದ ಭಾಷೆ ಒಂದು ಪೀರಿಯಡ್ಡಿನ ಭಾಷೆಯಾಯಿತು. 1889ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಜಬ್ರ್ ದೂಮಿತ್ ಅಲ್ಲಿ ಅರಬ್ಬಿ ಕಲಿಸಿದರು. ವ್ಯಾಕರಣ, ಅಲಂಕಾರ, ಹಳೆಯ ಕಾವ್ಯ, ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅರ್ಥಶಾಸ್ತ್ರದ ಬಗ್ಗೆ, ಜೀವವಿಜ್ಞಾನದ ಬಗ್ಗೆ, ಊರಿನ ರಾಜಕೀಯದ ಬಗ್ಗೆ ಅರಬ್ಬಿಯಲ್ಲಿ ಯೋಚಿಸಿ ಬರೆಯಲು ತರಗತಿಯಲ್ಲಿ ಜಾಗ ಉಳಿಯಲಿಲ್ಲ. ಮನೆಯಲ್ಲಿ ಆಡುವುದು ಆಡುಮಾತಿನ ಅರಬ್ಬಿ. ಬರೆಯುವ ಅರಬ್ಬಿ ಬೇರೆ. ಅದರ ವಿಭಕ್ತಿ ಬೇರೆ, ಕ್ರಿಯಾರೂಪ ಬೇರೆ, ಅದನ್ನು ಕಲಿತೇ ಬರೆಯಬೇಕು. ಅಂದರೆ ಒಬ್ಬ ಹುಡುಗ ಅಮ್ಮನ ಜೊತೆ ಒಂದು ಭಾಷೆ, ಮೇಷ್ಟ್ರ ಜೊತೆ ಇನ್ನೊಂದು ಭಾಷೆ ಆಡುತ್ತಿದ್ದ. ಬರೆಯಬೇಕು ಅನಿಸಿದ ಮೂರನೆಯದಕ್ಕೆ ಅವನಿಗೆ ದಿನನಿತ್ಯ ಜಾಗವೇ ಇರಲಿಲ್ಲ.

ಆ ಜಾಗವನ್ನು ಹುಡುಗರೇ ಮಾಡಿಕೊಂಡರು. ಅದೇ ಈ ಪತ್ರಿಕೆಗಳು. ಇವನ್ನು ದೊಡ್ಡವರ ಪತ್ರಿಕೆಯ ಮರಿ ಅಂತಲೋ, ಮುಂದೆ ಬಂದ ರಾಷ್ಟ್ರೀಯ ಚಳವಳಿಯ ಬೀಜ ಅಂತಲೋ ಓದುವುದು ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಕಾಲೇಜು ಕೈಬಿಟ್ಟ ಕೆಲಸವನ್ನು, ಅಂದರೆ ಹೊಸ ವಿಷಯವನ್ನು ಅರಬ್ಬಿಯಲ್ಲಿ ಹೇಳುವ ಕೆಲಸವನ್ನು, ಹುಡುಗರು ತಮ್ಮ ಕೈಗೆ ತೆಗೆದುಕೊಂಡರು. ಇದೇ ಮುಖ್ಯ ಅಂತ ನಾನು ನಂಬುತ್ತೇನೆ.

ಇಲ್ಲೊಂದು ತಪ್ಪು ಕಲ್ಪನೆಯನ್ನೂ ತೆಗೆದುಬಿಡೋಣ. ಅರಬ್ಬಿ ಅಂದ ಕೂಡಲೇ ನಮ್ಮಲ್ಲಿ ಮದರಸಾ ನೆನಪಾಗುತ್ತದೆ. ಬೈರೂತಿನಲ್ಲಿ ಕಥೆ ಬೇರೆ. ಹತ್ತೊಂಬತ್ತನೇ ಶತಮಾನದ ಅರಬ್ಬಿ ಗದ್ಯಕ್ಕೆ ಹೊಸ ರೂಪ ಕೊಟ್ಟವರಲ್ಲಿ ಕ್ರೈಸ್ತರು ತುಂಬಾ ಜನ. ಯಾಜಿಜಿ ಕ್ರೈಸ್ತರು. 1870ರಲ್ಲಿ 'ಅಲ್-ಜಿನಾನ್' ಪತ್ರಿಕೆ ತೆಗೆದ ಬುತ್ರುಸ್ ಅಲ್-ಬುಸ್ತಾನಿಯೂ ಕ್ರೈಸ್ತರು. ಕಾಲೇಜಿನ ಬೆಂಚಿನಲ್ಲಿ ಆರ್ಥೊಡಾಕ್ಸ್, ಮಾರೊನೈಟ್, ಪ್ರೊಟೆಸ್ಟೆಂಟ್, ಮುಸ್ಲಿಂ, ದ್ರೂಜ್, ಯೆಹೂದಿ ಹುಡುಗರೆಲ್ಲ ಕೂರುತ್ತಿದ್ದರು. ಅರ್ಮೇನಿಯನ್ನರು, ಗ್ರೀಕರೂ ಇದ್ದರು. ಪ್ರಾರ್ಥನೆಯಲ್ಲಿ ಒಂದಾಗದವರು ಬರಹದ ಅರಬ್ಬಿಯಲ್ಲಿ ಒಂದಾಗಬಹುದಿತ್ತು. ಇದು ಸಣ್ಣ ಮಾತಲ್ಲ. 1909ರಲ್ಲಿ ಕಡ್ಡಾಯ ಪ್ರಾರ್ಥನೆ, ಬೈಬಲ್ ತರಗತಿ ಬೇಡ ಎಂದು ಮುಸ್ಲಿಂ ಮತ್ತು ಯೆಹೂದಿ ಹುಡುಗರು ಎದ್ದು ನಿಂತಾಗ ಕಾಲೇಜೇ ನಡುಗಿತ್ತು.

ಇನ್ನು ಮೊದಲನೆಯ ಪ್ರಶ್ನೆ. ಅಚ್ಚುಕೂಟ ಇದ್ದೂ ಕೈಬರಹ ಯಾಕೆ?

ಅಚ್ಚುಕೂಟ ಇದ್ದದ್ದು ನಿಜ. ಅಮೆರಿಕನ್ ಮಿಷನ್ನಿನ ಪ್ರೆಸ್ ಮಾಲ್ಟಾದಿಂದ ಬೈರೂತಿಗೆ ಬಂದದ್ದು 1834ರಲ್ಲಿ. ಅದರ ಅರಬ್ಬಿ ಅಚ್ಚುಮೊಳೆಗಳಿಗೆ ಒಳ್ಳೆಯ ಹೆಸರಿತ್ತು. ಏಲೈ ಸ್ಮಿತ್ ಎಂಬ ಮಿಷನರಿ ನುರಿತ ಲಿಪಿಕಾರರ ಬರಹದ ಮಾದರಿಗಳನ್ನು ಕೂಡಿಹಾಕಿದರು. ಅದನ್ನು ನೋಡಿ ಹೋಮನ್ ಹ್ಯಾಲಕ್ ಅಚ್ಚು ಕೊರೆದರು. ಮೊಳೆ ಎರಕ ಹೊಯ್ದದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಆದರೆ ಅರಬ್ಬಿ ಮೊಳೆ ಜೋಡಿಸುವುದು ಹೆಣಗಾಟದ ಕೆಲಸ. ಅಕ್ಷರ 28. ಆದರೆ ಹೆಚ್ಚಿನ ಅಕ್ಷರಗಳಿಗೆ ಪದದ ಮೊದಲಲ್ಲಿ ಬಂದರೆ ಒಂದು ರೂಪ, ನಡುವೆ ಬಂದರೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು, ಒಂಟಿಯಾಗಿ ನಿಂತರೆ ಮಗದೊಂದು. ಜೋಡಿಕೊಂಡ ಅಕ್ಷರಗಳಿಗೆ ಬೇರೆ ಮೊಳೆ. ಸ್ವರಚಿಹ್ನೆ ಹಾಕಬೇಕಾದರೆ ಕೆಲಸ ಇನ್ನೂ ಜಾಸ್ತಿ. ನುರಿತ ಕೈ ಬೇಕು, ಕೂಲಿ ಕೊಡಬೇಕು. ಹಾಸ್ಟೆಲಿನ ಹುಡುಗರ ಜೇಬಿಗೆ ಅದು ಎಟುಕುವ ಮಾತಲ್ಲ.

ಹಣಕ್ಕಿಂತ ದೊಡ್ಡ ತೊಡಕು ಅನುಮತಿ. ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ 1876ರಿಂದ 1909ರವರೆಗೆ ಆಳಿದರು. ಅವರ ಕಾಲದಲ್ಲಿ ಪತ್ರಿಕೆ ತೆಗೆಯಲು ಸರಕಾರದ ಪರವಾನಗಿ ಬೇಕು. ಅಚ್ಚಾಗುವ ಮುಂಚೆ ಪುಟಗಳು ಪ್ರಾಂತದ ಸೆನ್ಸಾರ್ ಅಧಿಕಾರಿಯ ಮೇಜಿಗೆ ಹೋಗಬೇಕು. ಸಂವಿಧಾನ, ಕ್ರಾಂತಿ, ಸ್ವಾತಂತ್ರ್ಯ ಅನ್ನುವ ಪದಗಳು ಕಂಡರೆ ಕೆಂಪು ಗೆರೆ ಬೀಳುತ್ತಿತ್ತು. ಬೈರೂತಿನ ಎಷ್ಟೋ ಬರಹಗಾರರು ಕೈರೋಗೆ ಗಂಟುಮೂಟೆ ಕಟ್ಟಿದ್ದು ಇದೇ ಕಾರಣಕ್ಕೆ. ಕಾಲೇಜಿನೊಳಗೆ ಕೈಯಿಂದ ಕೈಗೆ ಹೋಗುವ ಕೈಬರಹದ ಪ್ರತಿಗೆ ಈ ಮೇಜುಗಳನ್ನು ದಾಟುವ ಕಷ್ಟ ಇರಲಿಲ್ಲ.

ಮೂರನೆಯ ಕಾರಣ ಕಾಲೇಜಿನ ಒಳಗೇ ಇತ್ತು ಅಂತ ನನ್ನ ಅನಿಸಿಕೆ. ಅದಕ್ಕೆ 1882ರ ಗಲಾಟೆಯನ್ನು ನೋಡಬೇಕು.

ಆ ವರ್ಷ ಜುಲೈ ತಿಂಗಳ ಪದವಿ ಪ್ರದಾನದ ದಿನ ಎಡ್ವಿನ್ ಲೂಯಿಸ್ ಎಂಬ ಅಧ್ಯಾಪಕರು ಅರಬ್ಬಿಯಲ್ಲಿ ಭಾಷಣ ಮಾಡಿದರು. ಜ್ಞಾನ, ವಿಜ್ಞಾನ, ವಿವೇಕದ ಬಗ್ಗೆ ಮಾತು. ನಡುವೆ ಡಾರ್ವಿನ್ ಹೆಸರು ಗೌರವದಿಂದ ಬಂತು. ಆ ವರ್ಷವೇ ಡಾರ್ವಿನ್ ತೀರಿಕೊಂಡಿದ್ದರು. ಕಾಲೇಜಿನ ಹಿರಿಯರಿಗೆ, ನ್ಯೂಯಾರ್ಕಿನ ಧರ್ಮದರ್ಶಿಗಳಿಗೆ ಇದನ್ನು ಸಹಿಸಲಾಗಲಿಲ್ಲ. ಭಾಷಣ 'ಅಲ್-ಮುಕ್ತತಫ್' ಪತ್ರಿಕೆಯಲ್ಲಿ ಅಚ್ಚಾಯಿತು. ಪರ ವಿರೋಧದ ಪತ್ರಗಳೂ ಅಲ್ಲೇ ಬಂದವು. ಲೂಯಿಸ್ ಕೆಲಸ ಬಿಡಬೇಕಾಯಿತು. ವ್ಯಾನ್ ಡೈಕ್ ಪ್ರತಿಭಟಿಸಿ ಹೊರಬಂದರು. ವೈದ್ಯಕೀಯ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು. ಅವರಲ್ಲಿ ಜುರ್ಜಿ ಜೈದಾನ್ ಎಂಬ ಬಡ ಹುಡುಗನೂ ಇದ್ದ. ಅವನ ಓದು ಅಲ್ಲಿಗೆ ನಿಂತಿತು. ಹತ್ತು ವರ್ಷದ ನಂತರ, 1892ರಲ್ಲಿ, ಕೈರೋದಲ್ಲಿ ಅದೇ ಜೈದಾನ್ 'ಅಲ್-ಹಿಲಾಲ್' ಶುರು ಮಾಡಿದರು. ಅರಬ್ಬಿ ಲೋಕದ ಬಹಳ ದೊಡ್ಡ ಮಾಸಪತ್ರಿಕೆಗಳಲ್ಲಿ ಅದೂ ಒಂದು.

'ಅಲ್-ಮುಕ್ತತಫ್' ಕಥೆಯೂ ಇದಕ್ಕೇ ಸೇರಿದ್ದು. ಅದನ್ನು 1876ರಲ್ಲಿ ಶುರು ಮಾಡಿದವರು ಯಾಕೂಬ್ ಸರ್ರೂಫ್ ಮತ್ತು ಫಾರಿಸ್ ನಿಮ್ರ್. ಇಬ್ಬರೂ ಇದೇ ಕಾಲೇಜಿನಲ್ಲಿ ಓದಿ ಇಲ್ಲೇ ಕಲಿಸುತ್ತಿದ್ದವರು. ವಿಜ್ಞಾನ, ಕೈಗಾರಿಕೆ, ಕೃಷಿ, ಮನೆವಾರ್ತೆ, ಎಲ್ಲದಕ್ಕೂ ಅಲ್ಲಿ ಜಾಗ. ಓದುಗರ ಪ್ರಶ್ನೆಗೆ ಉತ್ತರ ಕೊಡುವ ಅಂಕಣವೂ ಇತ್ತು. ಗಲಾಟೆಯ ನಂತರ ಕಾಲೇಜು ಇಬ್ಬರನ್ನೂ ಮುಂದುವರಿಸಲಿಲ್ಲ. ಅವರು ಪತ್ರಿಕೆ ಹೊತ್ತುಕೊಂಡು ಕೈರೋಗೆ ಹೋದರು. 1952ರವರೆಗೆ ಅದು ನಡೆಯಿತು.

ಇದರಿಂದ ಕಾಲೇಜಿನ ಆಡಳಿತ ಏನು ಕಲಿತಿರಬಹುದು, ಯೋಚಿಸಿ. ಸಭೆಯಲ್ಲಿ ಆಡಿದ ಮಾತು ಸಭೆಯಲ್ಲೇ ಮುಗಿಯುತ್ತದೆ. ಅಚ್ಚಾದ ಮಾತು ನ್ಯೂಯಾರ್ಕಿಗೂ ಇಸ್ತಾಂಬುಲ್‌ಗೂ ಮುಟ್ಟುತ್ತದೆ. ಹುಡುಗರು ಬರೆದುಕೊಳ್ಳಲಿ, ಆದರೆ ಅದು ಗೇಟು ದಾಟದಿರಲಿ ಎಂಬ ಮನಸ್ಸು ಸಹಜ. ಹುಡುಗರಿಗೂ ಇದು ಅನುಕೂಲವೇ ಆಯಿತು. ಗೇಟಿನೊಳಗೆ ಸ್ವಲ್ಪ ಧಾರಾಳವಾಗಿ ಬರೆಯಬಹುದಿತ್ತು.

ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಮುಂದಿನ ಎರಡು ಮೂರು ದಶಕ ಕಾಲೇಜಿನಲ್ಲಿ ಇಂಥ ಪತ್ರಿಕೆಗಳು ಒಂದರ ಹಿಂದೆ ಒಂದು ಹುಟ್ಟಿದವು. ಅರಬ್ಬಿಯವೂ ಇದ್ದವು, ಇಂಗ್ಲಿಷಿನವೂ ಇದ್ದವು. ಹೆಚ್ಚಿನವು ಅಲ್ಪಾಯುಷಿಗಳು. ಸಂಪಾದಕ ಪಾಸಾಗಿ ಹೋದರೆ ಪತ್ರಿಕೆಯೂ ಹೋಯಿತು. ಇದು ನಿಮಗೂ ಗೊತ್ತಿರುವ ಸಂಗತಿಯೇ.

ಒಂದು ಪುಟವನ್ನು ಹತ್ತಿರದಿಂದ ನೋಡುವುದು ಹೇಗೆ ಅಂತ ಹೇಳುತ್ತೇನೆ. ಅರಬ್ಬಿಯಲ್ಲಿ ಬರವಣಿಗೆಯ ಶೈಲಿಗಳು ಹಲವು. ಪತ್ರಿಕೆಯ ಹೆಸರಿಗೆ ಹೊಂದುವುದು ಸುಲುಸ್, ದೊಡ್ಡ ಬಳುಕಿನ ಅಕ್ಷರ. ಅಚ್ಚಿನ ಪುಸ್ತಕದಲ್ಲಿ ಕಾಣುವುದು ನಸ್ಖ್, ದುಂಡು ಮತ್ತು ಸ್ಪಷ್ಟ. ಬೇಗ ಬರೆಯುವ ದಿನಬಳಕೆಯ ಕೈ ರುಕಾ. ರುಕಾದಲ್ಲಿ ಎರಡು ಚುಕ್ಕೆ ಇಡಬೇಕಾದಲ್ಲಿ ಒಂದು ಪುಟ್ಟ ಅಡ್ಡಗೆರೆ ಎಳೆಯುತ್ತಾರೆ. ಮೂರು ಚುಕ್ಕೆಗೆ ಬದಲಾಗಿ ಟೊಪ್ಪಿಗೆಯಂಥ ಗುರುತು. ಈಗ ಗಮನಿಸಿ. ಪುಟವಿಡೀ ನಸ್ಖ್‌ನಲ್ಲಿದ್ದರೆ, ಅಂಕಣ ಅಂಕಣವಾಗಿ, ಸಾಲಿನ ಕೊನೆ ಸಮ ಮಾಡಲು ಅಕ್ಷರವನ್ನು ಎಳೆದು ಬರೆದಿದ್ದರೆ, ಆ ಹುಡುಗನ ಕಣ್ಣ ಮುಂದೆ ಇದ್ದದ್ದು ಅಚ್ಚಿನ ಪತ್ರಿಕೆ. ರುಕಾದಲ್ಲಿ ಸರಸರ ಬರೆದಿದ್ದರೆ ಅದು ಗೆಳೆಯರಿಗಾಗಿ ಬರೆದದ್ದು. ಒಂದೇ ಸಂಚಿಕೆಯಲ್ಲಿ ಸಂಪಾದಕೀಯ ಒಂದು ಕೈ, ಕವಿತೆ ಇನ್ನೊಂದು ಕೈ ಆಗಿದ್ದರೆ ಲೇಖಕರೇ ತಂತಮ್ಮದನ್ನು ಬರೆದುಕೊಟ್ಟರೇನೋ ಅಂತ ಕೇಳಬೇಕು. ಎಲ್ಲವೂ ಒಂದೇ ಕೈಯಾದರೆ ಅಕ್ಷರ ಚೆಂದ ಇರುವ ಒಬ್ಬನಿಗೆ ಆ ಕೆಲಸ ಬಿದ್ದಿರಬೇಕು. ಅಂಥವನು ನಕಲು ಮಾಡುವಾಗ ಭಾಷೆಯನ್ನೂ ತಿದ್ದಿರುವ ಸಾಧ್ಯತೆ ಇದೆ.

ಆ ಕಾಲದಲ್ಲಿ ಶಾಲೆ ಕಾಲೇಜುಗಳಲ್ಲಿ ಕೆಲವೇ ಪ್ರತಿ ಬೇಕಾದಾಗ ಬಳಸುತ್ತಿದ್ದ ಉಪಾಯ ಒಂದಿತ್ತು. ತಟ್ಟೆಯಲ್ಲಿ ಜೆಲಟಿನ್ ಅಂಟು ಹೆಪ್ಪುಗಟ್ಟಿಸಿ, ವಿಶೇಷ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತುವುದು. ಆಮೇಲೆ ಖಾಲಿ ಹಾಳೆ ಒತ್ತಿ ಒತ್ತಿ ಪ್ರತಿ ತೆಗೆಯುವುದು. ಹೆಚ್ಚಾಗಿ ನೇರಳೆ ಬಣ್ಣ. ಬೆಳಕಿಗೆ ಬೇಗ ಮಾಸುತ್ತದೆ. ಹಳೆಯ ವಿದ್ಯಾರ್ಥಿ ಪತ್ರಿಕೆ ಯಾವ ಊರಿನದೇ ಸಿಗಲಿ, ಅಕ್ಷರ ನೇರಳೆಯಾಗಿ ಮಸುಕಾಗಿದ್ದರೆ ಅದು ಮೂಲಪ್ರತಿಯೋ ಒತ್ತುಪ್ರತಿಯೋ ಅಂತ ಮೊದಲು ವಿಚಾರಿಸಿ. ಒಂದೇ ಪ್ರತಿ ಇದ್ದ ಪತ್ರಿಕೆಯ ಓದುಗರು ಬೇರೆ, ಮೂವತ್ತು ನಲವತ್ತು ಪ್ರತಿ ಹಂಚಿದ ಪತ್ರಿಕೆಯ ಓದುಗರು ಬೇರೆ.

ಬರೆದದ್ದು ಏನು? ಆಟದ ಸುದ್ದಿ, ಚರ್ಚಾ ಸಂಘದ ವರದಿ, ಪದವಿ ಮುಗಿಸಿ ಹೋಗುವವರಿಗೆ ವಿದಾಯ, ಇಂಗ್ಲಿಷಿನಿಂದ ಅನುವಾದ, ವ್ಯಾಪಾರದ ಬಗ್ಗೆ ಉಪದೇಶ. ಇವನ್ನು ಬೇಗ ದಾಟಬಹುದು. ನಿಂತು ನೋಡಬೇಕಾದ್ದು ಚರ್ಚೆಯ ಬರಹಗಳನ್ನು. ಗಂಡಸು ಅಂದರೆ ಯಾರು, ಓದಿದವನ ಕರ್ತವ್ಯ ಏನು, ಹೆಣ್ಣುಮಕ್ಕಳು ಎಷ್ಟು ಓದಬೇಕು, ಪಶ್ಚಿಮದಿಂದ ಏನು ತೆಗೆದುಕೊಳ್ಳಬೇಕು ಏನು ಬಿಡಬೇಕು. ಕಾಲೇಜಿನ ಮಿಷನರಿಗಳು ಇಂಗ್ಲಿಷಿನಲ್ಲಿ ಗುಣಶೀಲದ ಪಾಠ ಹೇಳುತ್ತಿದ್ದರು. ಅದೇ ವಿಷಯ ಅರಬ್ಬಿಗೆ ಬಂದಾಗ ಬೇರೆಯಾಗುತ್ತಿತ್ತು. ಅಲ್ಲಿ ಹಳೆಯ ಕವಿಗಳ ಸಾಲು ಸಾಕ್ಷಿಗೆ ಬರುತ್ತದೆ. ಪ್ರಾಸಗದ್ಯ ಬರುತ್ತದೆ. ಅರಬ್ಬರ ಹಿಂದಿನ ವಿದ್ಯೆಯ ಹೆಮ್ಮೆ ಬರುತ್ತದೆ. ಹುಡುಗನ ವಾದ ಎಳಸಾಗಿರಬಹುದು. ಆದರೆ ಒಂದು ಹೊಸ ವಿಚಾರವನ್ನು ತನ್ನ ಭಾಷೆಯ ಮಾತಿಗೆ ಕೂರಿಸಲು ಅವನು ಪಟ್ಟ ಕಷ್ಟ ಆ ಸಾಲುಗಳಲ್ಲಿ ಎದ್ದು ಕಾಣುತ್ತದೆ. ನನಗೆ ಈ ಪತ್ರಿಕೆಗಳ ಮೇಲೆ ಪ್ರೀತಿ ಇರುವುದು ಅದಕ್ಕೇ.

1908ರ ಜುಲೈಯಲ್ಲಿ ಸುಲ್ತಾನರ ವಿರೋಧಿಗಳಾದ ಯುವ ತುರ್ಕರ ಕ್ರಾಂತಿಯಾಗಿ ಸಂವಿಧಾನ ಮರಳಿತು. ಸೆನ್ಸಾರ್ ಕೈ ಸಡಿಲವಾಯಿತು. ಬೈರೂತಿನಲ್ಲಿ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 1910ರಲ್ಲಿ ಕಾಲೇಜಿನಿಂದಲೇ 'ಅಲ್-ಕುಲ್ಲಿಯ್ಯಾ' ಎಂಬ ಅಚ್ಚಿನ ಪತ್ರಿಕೆ ಬಂತು. ಆಮೇಲೆ ಯುದ್ಧ, 1915ರ ಮಿಡತೆ ಹಾವಳಿ, ಬೆಟ್ಟದ ಸೀಮೆಯಲ್ಲಿ ಭಯಂಕರ ಬರ. ಕಾಲೇಜು ಮಾತ್ರ ಹೇಗೋ ನಡೆಯಿತು.

ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, 'ಅಲ್-ಉರ್ವಾ ಅಲ್-ವುಸ್ಕಾ' ಎಂಬ ವಿದ್ಯಾರ್ಥಿ ಸಂಘ ಹುಟ್ಟಿತು. ಇಸ್ಲಾಮಿ ಸುಧಾರಕರಾದ ಜಮಾಲುದ್ದೀನ್ ಅಫ್ಘಾನಿ ಮತ್ತು ಮುಹಮ್ಮದ್ ಅಬ್ದುಹ್ 1884ರಲ್ಲಿ ಪ್ಯಾರಿಸಿನಿಂದ ತೆಗೆದ ಪತ್ರಿಕೆಯ ಹೆಸರೂ ಇದೇ. ಅರಬ್ಬಿ ಮಾತುಗಾರಿಕೆ, ಬರವಣಿಗೆ ಬೆಳೆಸುವುದು ಸಂಘದ ಕೆಲಸ. ಮುಂದೆ ಅದೇ ಹೆಸರಿನಲ್ಲಿ ಪತ್ರಿಕೆಯೂ ಬಂತು. ಇತಿಹಾಸಕಾರ ಕಾನ್‌ಸ್ಟಂಟೀನ್ ಜುರೈಕ್ ಅದಕ್ಕೆ ಮಾರ್ಗದರ್ಶಕರಾದರು. 1940ರ ದಶಕದ ಕೊನೆಗೆ ವೈದ್ಯಕೀಯ ವಿದ್ಯಾರ್ಥಿ ಜಾರ್ಜ್ ಹಬಷ್ ಸಂಘದ ಮುಂದಾಳಾಗಿದ್ದರು. ಮುಂದೆ ಪ್ಯಾಲೆಸ್ಟೀನ್ ರಾಜಕೀಯದಲ್ಲಿ ಅವರದು ದೊಡ್ಡ ಹೆಸರು. 1950ರ ದಶಕದ ನಡುವೆ ವಿದ್ಯಾರ್ಥಿ ಪ್ರತಿಭಟನೆಗಳ ನಂತರ ಆಡಳಿತ ಸಂಘವನ್ನು ಮುಚ್ಚಿಸಿತು.

ಈ ಕೊನೆಯನ್ನು ನೋಡಿ ಮೊದಲನ್ನು ಅರ್ಥ ಮಾಡುವವರೇ ಜಾಸ್ತಿ. ಅದಕ್ಕೇ ಇನ್ನೊಂದು ಉದಾಹರಣೆ ಕೊಡುತ್ತೇನೆ. 1923ರಲ್ಲಿ ಪ್ಯಾಲೆಸ್ಟೀನಿನ ನಾಬ್ಲಸ್ ಊರಿನಿಂದ ಇಬ್ರಾಹಿಂ ತೂಕಾನ್ ಎಂಬ ಹುಡುಗ ಅಲ್ಲಿಗೆ ಓದಲು ಬಂದ. ಇರಾಕಿನ ಹಾಫಿಜ್ ಜಮೀಲ್, ಸಿರಿಯಾದ ವಜೀಹ್ ಬಾರೂದಿ, ಬೈರೂತಿನವರೇ ಆದ ಉಮರ್ ಫರ್ರೂಖ್ ಅವನ ಕಾವ್ಯದ ಗೆಳೆಯರು. ಕಾಯಿಲೆ ಬಿದ್ದು ಕಾಲೇಜಿನ ಆಸ್ಪತ್ರೆ ಸೇರಿದಾಗ ಅವನು ಬಿಳಿ ಉಡುಪಿನ ದಾದಿಯರನ್ನು ಪಾರಿವಾಳಗಳಾಗಿ ಕಂಡು ಕವಿತೆ ಬರೆದ. 1924ರಲ್ಲಿ ಅದು ಅಚ್ಚಾಗಿ ಅವನ ಹೆಸರು ಅರಬ್ಬಿ ನಾಡುಗಳಲ್ಲಿ ಹರಡಿತು. ಅದರಲ್ಲಿ ರಾಷ್ಟ್ರ ಇಲ್ಲ, ಚಳವಳಿ ಇಲ್ಲ. ಹತ್ತು ವರ್ಷದ ನಂತರ ಅದೇ ತೂಕಾನ್ ಬರೆದ ದೇಶಗೀತೆ ಇವತ್ತು ಇರಾಕಿನ ರಾಷ್ಟ್ರಗೀತೆ. ದಾದಿಯರ ಕವಿತೆ ಬರೆದ ಕೈ ಪಳಗಿದ್ದು ಆ ಗೆಳೆಯರ ನಡುವೆ, ಪರಸ್ಪರ ಓದಿ ತಿದ್ದುತ್ತಾ. ಹೀಗೆ ಬರೆಯುವ ವಾತಾವರಣವನ್ನು ಕಟ್ಟಿದ್ದರಲ್ಲಿ ಕೈಬರಹ ಪತ್ರಿಕೆಗಳ ಪಾಲು ದೊಡ್ಡದು.

ಕೊನೆಯದಾಗಿ, ನಂಬಬಹುದಾ ಅಂತ ಕೇಳಿದ್ದೀರಿ. ಯಾವುದಕ್ಕೆ ಸಾಕ್ಷಿ ಅನ್ನುವುದರ ಮೇಲೆ ಅದು ನಿಂತಿದೆ. ಊರಿನ ಘಟನೆಗೆ ಇವು ದುರ್ಬಲ ಸಾಕ್ಷಿ. ಹುಡುಗರು ಪೇಪರ್ ಓದಿ, ಕೇಳಿದ್ದನ್ನು ಸೇರಿಸಿ ಬರೆಯುತ್ತಾರೆ. ಹುಡುಗರು ಯಾವುದನ್ನು ಅರಬ್ಬಿಯಲ್ಲಿ ಹೇಳಲು ಬಯಸಿದರು, ಯಾವುದನ್ನು ಹೇಳಲು ಪದ ಸಿಗದೆ ಒದ್ದಾಡಿದರು, ಇದಕ್ಕೆ ಇವಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೇಷ್ಟ್ರ ಕಣ್ಣು ಇವುಗಳ ಮೇಲೆ ಇತ್ತು ಅನ್ನುವುದನ್ನು ಮರೆಯಬೇಡಿ. ಬರೆಯದೆ ಬಿಟ್ಟ ಸಂಗತಿಯೂ ಲೆಕ್ಕಕ್ಕೆ ಬರಬೇಕು. ಉಳಿದುಬಂದದ್ದು ಯಾವುದು ಎನ್ನುವುದೂ ಮುಖ್ಯ. ಗ್ರಂಥಾಲಯಕ್ಕೆ ಕೊಟ್ಟದ್ದು ಉಳಿದಿರುತ್ತದೆ. ಹಾಸ್ಟೆಲಿನ ದಿಂಬಿನಡಿ ಇದ್ದದ್ದು ಹೋಗಿರುತ್ತದೆ.

ತಾರೀಕಿನ ವಿಷಯದಲ್ಲಿ ಜೋಪಾನ. ಆ ಕಾಲದ ಬೈರೂತಿನಲ್ಲಿ ಹಿಜರಿ ಇತ್ತು, ಯುರೋಪಿನ ಕ್ಯಾಲೆಂಡರ್ ಇತ್ತು, ಮಾರ್ಚಿನಲ್ಲಿ ವರ್ಷ ಶುರುವಾಗುವ ಒಟ್ಟೋಮನ್ ಸರಕಾರಿ ಲೆಕ್ಕವೂ ಇತ್ತು. ಆರ್ಥೊಡಾಕ್ಸ್ ಕ್ರೈಸ್ತರು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟಿರಲಿಲ್ಲ. ಅದು ಹತ್ತೊಂಬತ್ತನೇ ಶತಮಾನದಲ್ಲಿ 12 ದಿನ, 1900ರ ನಂತರ 13 ದಿನ ಹಿಂದೆ. ನೀಸಾನ್, ಅಯ್ಯಾರ್ ಅನ್ನುವ ಸಿರಿಯಾದ ತಿಂಗಳ ಹೆಸರುಗಳನ್ನು ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಬಳಸುತ್ತಿದ್ದರು. ಹಾಗಾಗಿ ಸಂಚಿಕೆಯ ಮೇಲೆ ಬರೀ ತಿಂಗಳು, ದಿನ ಇದ್ದರೆ ಅದನ್ನೇ ನಂಬಿ ಮುಂದೆ ಹೋಗಬೇಡಿ. ಒಳಗೆ ಪರೀಕ್ಷೆಯ ಸುದ್ದಿ ಇದೆಯೇ, ಪದವಿ ಪ್ರದಾನದ ಸುದ್ದಿ ಇದೆಯೇ ನೋಡಿ. ಕಾಲೇಜಿನ ವಾರ್ಷಿಕ ವರದಿಯ ಜೊತೆ ತಾಳೆ ಹಾಕಿ. ಹೆಚ್ಚಿನ ಸಲ ಅಲ್ಲೇ ಗೊತ್ತಾಗುತ್ತದೆ.